ಹಿಂದಕ್ಕೆ ಸರಿಯುವ ಬಂಡಿ: ಬಾಗಲಕೋಟೆ ಸೀಮೆಯ ಸರಕುಕಟ್ಟೆಗಳ ಇತಿಹಾಸಕ್ಕೊಂದು ಟಿಪ್ಪಣಿ

ನಮ್ಮ ನಾಡಿನ ವಾಣಿಜ್ಯದ ಇತಿಹಾಸವನ್ನು ಬರೆದ ವಿದ್ವಾಂಸರು ದಾರಿಗಳನ್ನು ಗುರುತಿಸಿದ್ದಾರೆ. ಶ್ರೇಣಿಗಳನ್ನೂ ಸುಂಕಗಳನ್ನೂ ವಿವರಿಸಿದ್ದಾರೆ. ದಾರಿ ಮುಗಿದ ಮೇಲೆ ಸರಕು ವಾಹನದಿಂದ ಮಳಿಗೆಗೆ ದಾಟುವ ಕೊನೆಯ ನಾಲ್ಕು ಮಾರು ನೆಲದ ವಿಚಾರಕ್ಕೆ ಮಾತ್ರ ಅಷ್ಟು ಗಮನ ಸಂದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ಮುಂದಿಟ್ಟುಕೊಂಡು ಆ ನೆಲವನ್ನೇ ನಾವು ಇಲ್ಲಿ ವಿವೇಚಿಸಹೊರಟಿದ್ದೇವೆ. ಒಂದು ಪೇಟೆಯ ಸರಕುಕಟ್ಟೆಯ ಅಳತೆಯು ಅದನ್ನು ಕಟ್ಟಿದ ಕಾಲದ ವಾಹನದ ಅಳತೆಯಾಗಿರುತ್ತದೆ; ವಾಹನ ಬದಲಾದರೂ ಕಟ್ಟೆ ಬದಲಾಗದಿದ್ದಾಗ, ನಡುವಣ ಕೊರತೆಯನ್ನು ಚಾಲಕನ ಕೈಚಳಕ ತುಂಬಬೇಕಾಗುತ್ತದೆ. ಇದು ನಮ್ಮ ಪ್ರತಿಪಾದನೆ.

ಹುನಗುಂದ ತಾಲ್ಲೂಕಿನ ಐಹೊಳೆಯು 'ಅಯ್ಯಾವೊಳೆಯ ಐನೂರ್ವರು' ಎಂಬ ವರ್ತಕ ಸಂಘಕ್ಕೆ ಹೆಸರನ್ನಿತ್ತ ಊರೆಂಬುದು ಸರ್ವವಿದಿತ. 11ನೆಯ ಶತಮಾನದ ಅವರ ಪ್ರಶಸ್ತಿಗಳಲ್ಲಿ ಸರಕು ಹೊರುವ ಕತ್ತೆ, ಕೋಣಗಳ ಮಾತು ಬರುತ್ತದೆ. ಸುಂಕದ ಶಾಸನಗಳಲ್ಲಿ 'ಹೇರು' ಎಂಬುದು ಒಂದು ಅಳತೆಯಾಗಿಯೇ ನಿಂತಿದೆ. ಬಂಡಿಯ ಲೆಕ್ಕವೂ ಅದರೊಡನೆ ಉಂಟು. ಹೇರು ಹೊತ್ತ ಎತ್ತಿಗೆ ಹಿಂದೆ ಸರಿಯುವ ಪ್ರಮೇಯವೇ ಇಲ್ಲ. ಅದು ತಾನು ನಿಂತಷ್ಟು ಜಾಗದಲ್ಲಿಯೇ ತಿರುಗಬಲ್ಲುದು. ಮನುಷ್ಯ ನುಸುಳುವ ಓಣಿ ಅದಕ್ಕೆ ಸಾಕು.

ಚಕ್ಕಡಿ ಬಂದ ಮೇಲೆ ಹಿಂದೆ ಸರಿಸುವ ವಿದ್ಯೆ ಅವಶ್ಯವಾಯಿತು. ಸರಕನ್ನು ಹಿಂಬದಿಯಿಂದ ಇಳಿಸಬೇಕಾದುದರಿಂದ ಚಕ್ಕಡಿಯ ಬೆನ್ನು ಅಂಗಡಿಯ ಕಟ್ಟೆಗೆ ತಾಗಬೇಕು. ನೊಗವನ್ನು ಬಲಕ್ಕೆ ಒತ್ತಿದರೆ ಬಂಡಿಯ ಬಾಲ ಎಡಕ್ಕೆ ಹೋಗುವುದೆಂಬುದನ್ನು ನಮ್ಮ ಒಕ್ಕಲು ಮಕ್ಕಳು ಯಾವ ಶಾಸ್ತ್ರವನ್ನೂ ಓದದೆ ತಿಳಿದಿದ್ದರು. ಕೊಂಚ ತಪ್ಪಿದರೂ ಎತ್ತುಗಳ ಕೊರಳು ಬಿಚ್ಚಿ, ಬರಿದಾದ ಚಕ್ಕಡಿಯನ್ನು ಇಬ್ಬರು ಮೂವರು ಕೈಯಿಂದಲೇ ತಿರುಗಿಸಬಹುದಿತ್ತು. 1884ರಲ್ಲಿ ಹೋಟಗಿ-ಗದಗ ಮೀಟರ್‌ಗೇಜ್ ರೈಲುದಾರಿ ತೆರೆದಾಗ ಬಾಗಲಕೋಟೆ, ಬಾದಾಮಿಗಳಿಗೆ ವ್ಯಾಗನ್ನಿನ ನೆಲಕ್ಕೆ ಸಮನಾದ ಎತ್ತರದ ಕಟ್ಟೆಯ ಪರಿಚಯವಾಯಿತು. ಬಾದಾಮಿಯ ನಿಲ್ದಾಣವು ಊರಿನಿಂದ ಸುಮಾರು 5 ಕಿಲೋಮೀಟರ್ ದೂರವಿರುವುದರಿಂದ, ವ್ಯಾಗನ್ನಿನಿಂದ ಇಳಿದ ಸರಕು ಮತ್ತೆ ಚಕ್ಕಡಿ ಏರಿ ಬಂಡೆಗಳ ನಡುವಣ ಇಕ್ಕಟ್ಟಾದ ಓಣಿಗಳನ್ನು ಸೇರಬೇಕಾಗಿತ್ತು. ಹೀಗೆ ರೈಲು ಬಂದರೂ ಪೇಟೆಯ ಅಳತೆ ಚಕ್ಕಡಿಯದಾಗಿಯೇ ಉಳಿಯಿತು.

ಇನ್ನು ಇಳಕಲ್ಲಿನ ಉದಾಹರಣೆ. ಈ ಊರಿನ ಹೆಸರನ್ನು ಹೊರನಾಡಿಗೆ ಒಯ್ದ ಸರಕುಗಳು ಎರಡು: ಸೀರೆ ಮತ್ತು ಕೆಂಪು ಛಾಯೆಯ ಗ್ರಾನೈಟ್. ಸೀರೆಯ ಗಂಟು ಹೆಗಲ ಮೇಲೆ ಓಣಿಯನ್ನು ದಾಟುತ್ತದೆ. ಕಲ್ಲಿನ ಮಾತು ಬೇರೆ. 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಗ್ರಾನೈಟ್ ದಿಂಡು ಸುಮಾರು 18 ಟನ್ ತೂಗುತ್ತದೆ. ಇಂಥ ಭಾರಕ್ಕೆ ಟ್ರೇಲರ್ ಬೇಕು. ಇಳಕಲ್ಲು, ಹುನಗುಂದಗಳ ಮೇಲೆ ಹಾಯುವ ಹೆದ್ದಾರಿ, ಮೊದಲು 13 ಎಂದಿದ್ದು 2010ರ ಮರುಸಂಖ್ಯೆಯಲ್ಲಿ 50 ಆದುದು, ಟ್ರೇಲರಿಗೆ ಅನುಕೂಲವಾದದ್ದೇ. ತೊಡಕು ತಲೆದೋರುವುದು ಹೆದ್ದಾರಿ ಬಿಟ್ಟು ಅಂಗಳಕ್ಕೆ ಬೆನ್ನು ಮಾಡಿದಾಗ.

ಟ್ರೇಲರಿನ ಎಳೆಬಂಡಿ ಮತ್ತು ಹೊರೆಬಂಡಿಗಳನ್ನು ಒಂದು ಗೂಟ ಜೋಡಿಸುತ್ತದೆ. ಆ ಗೂಟ ಕೂರುವ ತಟ್ಟೆಗೆ 'ಐದನೆಯ ಚಕ್ರ' ಎಂಬ ಹೆಸರು ಬಂದುದು ಕುದುರೆ ಸಾರೋಟುಗಳಿಂದ. ಸಾರೋಟಿನ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಇಡುತ್ತಿದ್ದ ಚಕ್ರವದು. 1914ರಲ್ಲಿ ಡೆಟ್ರಾಯಿಟ್ ನಗರದ ಆಗಸ್ಟ್ ಫ್ರೂಹಾಫ್ ಎಂಬ ಬಂಡಿ ಕಟ್ಟುವ ಕಮ್ಮಾರ ಒಂದು ದೋಣಿಯನ್ನು ಸಾಗಿಸಲು ಇಂಥ ಹೊರೆಬಂಡಿಯನ್ನು ಮಾಡಿಕೊಟ್ಟನು. ಎಂದರೆ ಟ್ರೇಲರು ವಂಶದಲ್ಲಿ ಬಂಡಿಯ ಕುಲದ್ದೇ. ಅದರ ನಿಯಮವೂ ಚಕ್ಕಡಿಯದೇ: ಹಿಂದೆ ಸರಿಯುವಾಗ ಚಾಲಕನು ಚಕ್ರವನ್ನು ಬಲಕ್ಕೆ ತಿರುವಿದರೆ ಬಾಲ ಎಡಕ್ಕೆ ಹೋಗುತ್ತದೆ. ಭೇದವಿರುವುದು ಕ್ಷಮೆಯಲ್ಲಿ. ಮುಂದೆ ಹೋಗುವಾಗ ತಾನೇ ನೇರವಾಗುವ ಕೋನ ಹಿಂದೆ ಸರಿಯುವಾಗ ತಾನೇ ಬೆಳೆಯುತ್ತದೆ. ಕೋನ ಮೂಡಿದೊಡನೆ ಚಾಲಕನು ಚಕ್ರವನ್ನು ಎದುರುದಿಕ್ಕಿಗೆ ತಂದು ಬಾಲವನ್ನು ಹಿಂಬಾಲಿಸದಿದ್ದರೆ ಎರಡು ಬಂಡಿಗಳೂ ಚೂರಿಯಂತೆ ಮಡಚಿಕೊಳ್ಳುತ್ತವೆ. ಆಗ ಮುಂದೆ ಹೋಗಿ ನೇರವಾಗಿ, ಮೊದಲಿನಿಂದ ತೊಡಗುವುದೊಂದೇ ದಾರಿ. ಮುಂದೆ ಹೋಗಲು ಜಾಗವಿಲ್ಲದ ಓಣಿಯಲ್ಲಿ ಆ ದಾರಿಯೂ ಇಲ್ಲ.

ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕೂಡುತ್ತಾನೆ. ಬಾಲ ಬಲಕ್ಕೆ ಬಾಗಿದರೆ ಅದು ಅವನ ಕಣ್ಣಿಗೆ ಕಾಣುತ್ತದೆ. ಎಡಕ್ಕೆ ಬಾಗಿದರೆ ಕನ್ನಡಿಯಿಂದಲೂ ಮರೆಯಾಗುತ್ತದೆ. ಆದುದರಿಂದ ಅನುಭವಿಯಾದ ಚಾಲಕನು ಸಾಧ್ಯವಾದಷ್ಟೂ ಅಂಗಳವನ್ನು ತನ್ನ ಬಲಕ್ಕೆ ಇಟ್ಟುಕೊಂಡೇ ಬರುತ್ತಾನೆ. ಅನ್ಯಮಾರ್ಗವಿಲ್ಲದಲ್ಲಿ ಕ್ಲೀನರನ ಕೂಗು, ಅವನು ಬಂಡಿಯ ಮೈಗೆ ಬಡಿಯುವ ಸದ್ದು, ಇವೇ ಚಾಲಕನ ಕಣ್ಣು. ಕಟ್ಟೆಗೂ ಬಂಡಿಗೂ ನಡುವೆ ನಿಲ್ಲುವ ಆ ಹುಡುಗನ ಜೀವ ಚಾಲಕನ ಒಂದು ಕಾಲಿನ ಒತ್ತಡಕ್ಕೆ ಅಧೀನವಾಗಿರುತ್ತದೆ. ಪೇಟೆಯ ಅಳತೆಯ ಕೊರತೆಯನ್ನು ಕೊನೆಗೆ ತೆರುತ್ತಿರುವವನು ಅವನು.

ಬಾಗಲಕೋಟೆಯಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರ ದೊರೆಯಿತು. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗಿದ್ದರಿಂದ, ಸೆಕ್ಟರುಗಳಾಗಿ ವಿಂಗಡಿಸಿದ ನವನಗರವು ಮೋಟಾರಿನ ಕಾಲದ ಅಳತೆಯಲ್ಲಿ ಎದ್ದಿತು. ಆದರೆ ಆ ನೀರಿನಡಿಯಲ್ಲಿ ಚಕ್ಕಡಿಯ ಕಾಲದ ಅಂಗಡಿಕಟ್ಟೆಗಳ ಸಾಕ್ಷ್ಯವೂ ಅಡಗಿತು.

ಅರಸರ ದಾನಗಳನ್ನು ಕಲ್ಲಿನ ಮೇಲೆ ಓದುವ ನಾವು ಅಂಗಡಿಕಟ್ಟೆಯ ಎತ್ತರವನ್ನೂ ಓಣಿಯ ತಿರುವನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕಾಗಿದೆ. ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಪೇಟೆಗಳಲ್ಲಿ ನಮ್ಮ ವಿದ್ಯಾರ್ಥಿಗಳು ಅಳತೆಯ ಪಟ್ಟಿ ಹಿಡಿದು ನಡೆಯಲಿ. ಓಣಿಯ ಅಗಲ, ಕಟ್ಟೆಯ ಎತ್ತರ, ಬಾಗಿಲ ಮುಂದಣ ಅಂಗಳ, ಇಷ್ಟನ್ನು ಬರೆದುಕೊಳ್ಳಲಿ; ಹಮಾಲರನ್ನೂ ಚಾಲಕರನ್ನೂ ಕೇಳಿ ಅವರ ಮಾತುಗಳನ್ನು ದಾಖಲಿಸಲಿ. ರಸ್ತೆ ಅಗಲೀಕರಣದಲ್ಲಿ ಉಳಿದ ಕಟ್ಟೆಗಳು ಅಳಿಯುವ ಮೊದಲೇ ಈ ಕಾರ್ಯ ನಡೆಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ.