ಸಂಚಾರ ದಂಡ: ವದಂತಿ ಎಷ್ಟು, ವಾಸ್ತವ ಎಷ್ಟು?

ಸಂಚಾರ ನಿಯಮ ಉಲ್ಲಂಘಿಸಿ ಸಿಕ್ಕಿಬಿದ್ದವರಿಗೆ ಪಾರಾಗುವ ಉಪಾಯ ಹೇಳಿಕೊಡುವವರಿಗೆ ನಗರಗಳಲ್ಲಿ ಬರವಿಲ್ಲ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದು ದಂಡದ ಮೊತ್ತ ಏರಿದ ಮೇಲಂತೂ ಇಂಥ ಉಪಾಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವುಗಳಲ್ಲಿ ಕೆಲವು ಅರ್ಧಸತ್ಯ. ಹಲವು ಶುದ್ಧ ಸುಳ್ಳು.

ಒಮ್ಮೆ ಕಟ್ಟಿದರೆ ದಿನವಿಡೀ ಮಾಫಿ: ಬೆಳಿಗ್ಗೆ ಹೆಲ್ಮೆಟ್ ಇಲ್ಲದೆ ದಂಡ ತೆತ್ತವರು ರಸೀದಿ ತೋರಿಸಿ ಸಂಜೆಯವರೆಗೂ ಹಾಗೆಯೇ ಓಡಾಡಬಹುದೆಂಬುದು ಹಳೆಯ ನಂಬಿಕೆ. ಕಾಯ್ದೆಯಲ್ಲಿ ಇಂಥ ವಿನಾಯಿತಿ ಇಲ್ಲ. ರಸೀದಿಯು ಆಗಿಹೋದ ತಪ್ಪಿಗೆ ಸಲ್ಲುತ್ತದೆಯೇ ಹೊರತು ಮುಂದಿನ ತಪ್ಪಿಗೆ ಪರವಾನಗಿಯಲ್ಲ.

ಪೊಲೀಸರು ತಡೆಯದಿದ್ದರೆ ದಂಡವಿಲ್ಲ: 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 167ಎ ನಿಯಮವು ಕ್ಯಾಮೆರಾ ದಾಖಲೆಯ ಆಧಾರದಲ್ಲಿ ದಂಡ ವಿಧಿಸಲು ಅವಕಾಶ ನೀಡಿದೆ. ಬೆಂಗಳೂರಿನ 50 ಪ್ರಮುಖ ವೃತ್ತಗಳಲ್ಲಿ ಇಂಥ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ ಆರಂಭವಾಯಿತು.

ನಂಬರ್ ಪ್ಲೇಟ್ ಮರೆಮಾಚಿದರೆ ಸಾಕು: ಪ್ಲೇಟನ್ನು ಮಡಚುವುದು, ಅಂಕಿಯ ಮೇಲೆ ಅಂಟುಪಟ್ಟಿ ಹಚ್ಚುವುದು ಸ್ವತಃ ಅಪರಾಧ. ಸುಳ್ಳು ಸಂಖ್ಯೆ ಬಳಸಿದರೆ ವಂಚನೆಯ ಕ್ರಿಮಿನಲ್ ಮೊಕದ್ದಮೆಯನ್ನೂ ಎದುರಿಸಬೇಕಾದೀತು. ದಂಡದ ನೋಟಿಸು ಮಾತ್ರ ಆ ಸಂಖ್ಯೆಯ ಅಸಲಿ ಮಾಲೀಕನ ಮನೆಗೆ ಹೋಗುತ್ತದೆ; ಏನೂ ಅರಿಯದ ಆತ ಠಾಣೆಗೆ ಅಲೆಯಬೇಕಾಗುತ್ತದೆ.

ವಾಹನ ಮಾರಿದರೆ ಹೊಣೆ ಮುಗಿಯಿತು: ನೋಟಿಸು ಬರುವುದು ನೋಂದಣಿ ದಾಖಲೆಯಲ್ಲಿ ಹೆಸರಿರುವವರಿಗೆ. ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸುವುದು ಮಾರಿದವರ ಕರ್ತವ್ಯ. ಹೆಸರು ಬದಲಾಗದೆ ಉಳಿದ ವಾಹನ ಅಪಘಾತಕ್ಕೀಡಾದರೆ ಪರಿಹಾರದ ಹೊಣೆಯೂ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ.

ದಾಖಲೆಯ ಫೋಟೊ ಸಾಕು: ಇದು ಅರ್ಧಸತ್ಯ. 2018ರ ತಿದ್ದುಪಡಿಯಂತೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ವಿದ್ಯುನ್ಮಾನ ದಾಖಲೆಗೆ ಮಾನ್ಯತೆಯಿದೆ. ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಸಾಧಾರಣ ಚಿತ್ರಕ್ಕೆ ಆ ಮಾನ್ಯತೆ ಇಲ್ಲ.

ಏಲಕ್ಕಿ ಅಗಿದರೆ ಯಂತ್ರ ಮೋಸಹೋಗುತ್ತದೆ: ತಪಾಸಣಾ ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದಿಂದ ಬರುವ ಉಸಿರಿನ ಮದ್ಯಸಾರವನ್ನು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ, 10,000 ರೂ. ದಂಡ ಅಥವಾ ಎರಡೂ ಆಗಬಹುದು.

ಕಾದರೆ ರಿಯಾಯಿತಿ ಬಂದೇ ಬರುತ್ತದೆ: ರಾಜ್ಯ ಸರ್ಕಾರ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರ ರಿಯಾಯಿತಿ ನೀಡಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ನೀಡಿತು. ಇವೆಲ್ಲ ಸೀಮಿತ ಅವಧಿಯ ಸರ್ಕಾರಿ ಆದೇಶಗಳು. ವಾಹನ ಸವಾರರ ಹಕ್ಕಲ್ಲ. ಬಾಕಿ ಉಳಿಸಿಕೊಂಡವರ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಬಹುದು.

ಭಯ ಹುಟ್ಟಿಸುವ ವದಂತಿಗಳೂ ಉಂಟು. ಚಪ್ಪಲಿ, ಲುಂಗಿ ಅಥವಾ ಅರ್ಧ ತೋಳಿನ ಅಂಗಿ ತೊಟ್ಟು ವಾಹನ ಓಡಿಸಿದರೆ ದಂಡವೆಂಬ ಸುದ್ದಿ ಹಬ್ಬಿದಾಗ, ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು ಅಲ್ಲಗಳೆದಿತ್ತು.

ತಪ್ಪಾಗಿ ದಂಡ ಬಿದ್ದಿದ್ದರೆ ಆಕ್ಷೇಪ ಸಲ್ಲಿಸಲು, ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿದೆ. ಆದರೆ ದಂಡದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಅಪರಿಚಿತ ಕೊಂಡಿಗಳನ್ನು ಒತ್ತಬಾರದು. ಬಾಕಿ ಇದೆಯೇ ಎಂಬುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಅಥವಾ ಹತ್ತಿರದ ಸಂಚಾರ ಠಾಣೆಯಲ್ಲಿ ಖಚಿತಪಡಿಸಿಕೊಂಡೇ ಹಣ ಕಟ್ಟುವುದು ಕ್ಷೇಮ.