ಜಗಳದಲ್ಲಿ ಸಾವು, ಕರೆಂಟ್ ಬೇಲಿಗೆ ಸಾವು, ಗಾಡಿ ಗುದ್ದಿ ಸಾವು: ಯಾವುದು ಕೊಲೆ, ಯಾವುದು ಅಲ್ಲ? ಜಾಮೀನು ಸಿಗುತ್ತಾ?

ಅಂಗಡಿ ಮುಂದೆ ಬಾಕಿ ದುಡ್ಡಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯುತ್ತೆ. ಒಬ್ಬ ತಳ್ಳುತ್ತಾನೆ, ಇನ್ನೊಬ್ಬ ಹಿಂದಕ್ಕೆ ಬಿದ್ದು ಕಟ್ಟೆ ಕಲ್ಲಿಗೆ ತಲೆ ಬಡಿದು ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ. ಸಂಜೆಯೊಳಗೆ ಊರಲ್ಲೆಲ್ಲ 'ಮರ್ಡರ್ ಕೇಸ್ ಆಯ್ತಂತೆ' ಅನ್ನೋ ಸುದ್ದಿ. ಆದರೆ ಕಾನೂನಿನಲ್ಲಿ ಸತ್ತದ್ದಕ್ಕೆಲ್ಲ ಕೊಲೆ ಅಂತ ಹೆಸರಿಲ್ಲ. ಕೈ ಎತ್ತಿದವನ ಮನಸ್ಸಿನಲ್ಲಿ ಏನಿತ್ತು, ಅವನಿಗೆ ಏನು ಗೊತ್ತಿತ್ತು ಅನ್ನೋದರ ಮೇಲೆ ಸೆಕ್ಷನ್ ನಿಂತಿದೆ. ಆ ಸೆಕ್ಷನ್ ಮೇಲೆ ಜಾಮೀನು, ಶಿಕ್ಷೆ, ಯಾವ ಕೋರ್ಟು ಎಲ್ಲವೂ ನಿಂತಿದೆ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಜಾರಿಯಲ್ಲಿದೆ. ಹಳೇ 302 ಈಗ 103, ಅದು ಕೊಲೆ. ಹಳೇ 304 ಈಗ 105, ಅದು ಕೊಲೆಯಲ್ಲದ ನರಹತ್ಯೆ. ಹಳೇ 304ಎ ಈಗ 106, ಅದು ನಿರ್ಲಕ್ಷ್ಯದಿಂದಾದ ಸಾವು. ಆ ದಿನಕ್ಕಿಂತ ಮೊದಲು ನಡೆದ ಘಟನೆಗಳಿಗೆ ಇವತ್ತಿಗೂ ಐಪಿಸಿ ಸೆಕ್ಷನ್‌ಗಳೇ ಅನ್ವಯ.

ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. 105ರಲ್ಲಿ ಎರಡು ಭಾಗ. ಸಾಯಿಸುವ ಅಥವಾ ಸಾವು ಬರಬಹುದಾದಂಥ ಗಾಯ ಮಾಡುವ ಉದ್ದೇಶ ಇದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ ಜೈಲು ಮತ್ತು ದಂಡ. ಉದ್ದೇಶ ಇಲ್ಲ, ಆದರೆ 'ಹೀಗೆ ಮಾಡಿದರೆ ಸಾಯಬಹುದು' ಅಂತ ಗೊತ್ತಿತ್ತು ಅಂದರೆ 10 ವರ್ಷದವರೆಗೆ ಜೈಲು ಮತ್ತು ದಂಡ. 106ರಲ್ಲಿ 5 ವರ್ಷದವರೆಗೆ ಮತ್ತು ದಂಡ. ಹಳೇ ಕಾನೂನಿನಲ್ಲಿ ಇದು ಎರಡೇ ವರ್ಷ ಇತ್ತು.

'ಉದ್ದೇಶ ಇರಲಿಲ್ಲ ಸಾರ್' ಅಂದರೆ ಸಾಕಾ?

ಸಾಕಾಗಲ್ಲ. 1958ರಲ್ಲಿ ಪಂಜಾಬಿನ ವಿರ್ಸಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕೊಲ್ಲಬೇಕು ಅಂತ ಅಂದುಕೊಂಡಿದ್ದನೋ ಇಲ್ಲವೋ ಬೇರೆ ಮಾತು. ಆ ನಿರ್ದಿಷ್ಟ ಗಾಯವನ್ನೇ ಮಾಡಬೇಕು ಅಂತ ಚುಚ್ಚಿದ್ದರೆ, ಆ ಗಾಯ ಸಹಜವಾಗಿ ಸಾವಿಗೆ ಸಾಕಾಗುವಂಥದ್ದಾಗಿದ್ದರೆ ಅದು ಕೊಲೆಯೇ. ಅದಕ್ಕೇ ಪೋಸ್ಟ್ ಮಾರ್ಟಂ ವರದಿಗೆ ಅಷ್ಟು ತೂಕ. ಗಾಯ ದೇಹದ ಯಾವ ಭಾಗಕ್ಕೆ, ಎಷ್ಟು ಆಳ, ಯಾವ ಆಯುಧದಿಂದ, ಎಷ್ಟು ಏಟು ಅನ್ನೋದನ್ನೇ ಎರಡೂ ಕಡೆಯ ವಕೀಲರು ಹಿಡಿದು ಎಳೆದಾಡುತ್ತಾರೆ.

ಹಾಗಾದರೆ ಅಂಗಡಿ ಮುಂದಿನ ತಳ್ಳಾಟ? ಕಾನೂನೇ ಒಂದು ಉದಾಹರಣೆ ಕೊಡುತ್ತದೆ. ಎದುರಿನವನಿಗೆ ಕಾಯಿಲೆ ಇದೆ ಅಂತ ಗೊತ್ತಿಲ್ಲದೆ, ಆರೋಗ್ಯವಂತ ಮನುಷ್ಯ ಸಾಯದಂಥ ಏಟು ಕೊಟ್ಟು, ಅವನು ಸತ್ತರೆ ಅದು ಕೊಲೆ ಅಲ್ಲ. ಕಾಯಿಲೆ ಗೊತ್ತಿದ್ದೂ ಹೊಡೆದರೆ ಕೊಲೆ. ಬರೀ ತಳ್ಳಿದ್ದು, ಬಿದ್ದದ್ದು, ಕಲ್ಲು ಅಲ್ಲಿ ಇದ್ದದ್ದು ಅಷ್ಟೇ ಸಾಬೀತಾದರೆ ಕೇಸ್ 105ಕ್ಕಿಂತಲೂ ಕೆಳಗಿಳಿದು, ಗಾಯಪಡಿಸಿದ ಅಪರಾಧದಲ್ಲಿ ನಿಲ್ಲುವುದೂ ಉಂಟು.

ಇನ್ನು ದಿಢೀರ್ ಜಗಳ. ಕೊಲೆಗೆ ಇರುವ ಐದು ವಿನಾಯಿತಿಗಳಲ್ಲಿ ನಮ್ಮ ಕಡೆ ಹೆಚ್ಚು ಕೆಲಸಕ್ಕೆ ಬರೋದು ಇದೇ. ಮೊದಲೇ ಪ್ಲಾನ್ ಇರಬಾರದು, ಸಿಟ್ಟಿನ ಭರದಲ್ಲಿ ನಡೆದಿರಬೇಕು, ಎದುರಿನವನ ಅಸಹಾಯಕತೆಯ ಲಾಭ ತಗೊಂಡಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಮೊದಲು ಕೈ ಮಾಡಿದ್ದು ಯಾರು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಆದರೆ ಮನೆಗೆ ಹೋಗಿ ಮಚ್ಚು ತಂದ ಅಂದರೆ ಕಥೆ ಬೇರೆಯಾಯ್ತು. ಮುಂಬೈನ ನೌಕಾಪಡೆ ಅಧಿಕಾರಿ ನಾನಾವತಿ ಪ್ರಕರಣದಲ್ಲಿ ಬಿದ್ದದ್ದೂ ಇಂಥದ್ದೇ ಏಟು. ಹೆಂಡತಿ ವಿಷಯ ಹೇಳಿದ ಮೇಲೆ ಅವರು ಹಡಗಿಗೆ ಹೋಗಿ ರಿವಾಲ್ವರ್ ತಂದರು. ಅಷ್ಟು ಹೊತ್ತಿನಲ್ಲಿ ಸಿಟ್ಟು ಇಳಿಯಲು ಸಮಯ ಇತ್ತು ಅಂತ 1961ರಲ್ಲಿ ಸುಪ್ರೀಂ ಕೋರ್ಟ್ ಕೊಲೆ ಶಿಕ್ಷೆಯನ್ನೇ ಎತ್ತಿಹಿಡಿಯಿತು.

ಹಂದಿಗೆ ಇಟ್ಟ ಕರೆಂಟ್

ಇದನ್ನು ರೈತರು ನಿಧಾನವಾಗಿ ಓದಬೇಕು. 1963ರಲ್ಲಿ ಬಿಹಾರದ ಒಂದು ಕೇಸ್ ಸುಪ್ರೀಂ ಕೋರ್ಟಿಗೆ ಬಂತು. ಪಕ್ಕದ ಮನೆಯವರು ತನ್ನ ಶೌಚಾಲಯ ಬಳಸ್ತಾರೆ ಅಂತ ಒಬ್ಬಾತ ದಾರಿಗೆ ಅಡ್ಡ ಬರಿ ತಂತಿ ಕಟ್ಟಿ ಮನೆಯ ಕರೆಂಟ್ ಕೊಟ್ಟಿದ್ದ. ಒಳಗೆ ಹೋದ ಹೆಂಗಸು ವಾಪಸ್ ಬರುವಾಗ ಕೈ ತಗುಲಿ ಸತ್ತಳು. 'ನನ್ನ ಜಾಗ, ನನ್ನ ಆಸ್ತಿ ರಕ್ಷಣೆ' ಅನ್ನೋ ವಾದ ನಿಲ್ಲಲಿಲ್ಲ. ಅತಿಕ್ರಮಿಸಿ ಬಂದವನಾದರೂ ಅವನಿಗೆ ಪ್ರಾಣಾಪಾಯದ ಬಲೆ ಒಡ್ಡುವ ಹಕ್ಕು ಜಾಗದ ಮಾಲೀಕನಿಗಿಲ್ಲ ಅಂತ ಕೋರ್ಟ್ ಹೇಳಿ, 304ಎ ಶಿಕ್ಷೆ ಎತ್ತಿಹಿಡಿಯಿತು.

ಈಗ ಹೊಲದ ಬೇಲಿಗೆ ನೇರ ಲೈನಿನಿಂದ ಕರೆಂಟ್ ಕೊಟ್ಟು ಮನುಷ್ಯ ಸತ್ತರೆ ಪೊಲೀಸರು 106ಕ್ಕೆ ನಿಲ್ಲದೆ 105 ಹಾಕುವುದೂ ಇದೆ. ಮುಟ್ಟಿದರೆ ಸಾಯ್ತಾರೆ ಅಂತ ಕರೆಂಟ್ ಕೊಟ್ಟವನಿಗೆ ಗೊತ್ತಿರಲ್ವಾ ಅನ್ನೋದೇ ಅವರ ವಾದ. ಕಂಬದಿಂದ ಕೊಕ್ಕೆ ಹಾಕಿದ್ದರೆ ವಿದ್ಯುತ್ ಕಳ್ಳತನದ ಕೇಸ್ ಬೇರೆ. 105 ಬರಲು ಹೊಡೆದಾಟವೇ ಆಗಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತಾಗ ಆದ ಎಫ್‌ಐಆರ್‌ನಲ್ಲೂ ಈ ಸೆಕ್ಷನ್ ಇತ್ತು.

ಗಾಡಿ ಗುದ್ದಿದರೆ ಸಾಮಾನ್ಯವಾಗಿ 106. ಆದರೆ ಕುಡಿದು ಓಡಿಸಿ ಜನ ಸತ್ತ ಮುಂಬೈ ಮತ್ತು ದೆಹಲಿಯ ಎರಡು ಕೇಸ್‌ಗಳಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ನರಹತ್ಯೆಯ ಎರಡನೇ ಭಾಗವನ್ನೇ ಅನ್ವಯಿಸಿತು. ಲಾರಿ ಚಾಲಕರು ಮುಷ್ಕರ ಹೂಡಿದ್ದ 'ಗುದ್ದಿ ಓಡಿದರೆ 10 ವರ್ಷ' ಅನ್ನೋ 106(2) ಮಾತ್ರ 2024ರ ಜುಲೈ 1ರಂದು ಉಳಿದವುಗಳ ಜೊತೆ ಜಾರಿಗೆ ಬರಲಿಲ್ಲ.

ಠಾಣೆಯಿಂದ ಕೋರ್ಟಿಗೆ

106(1)ರಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ಸಿಗುತ್ತೆ. ವಿಚಾರಣೆ ಜೆಎಂಎಫ್‌ಸಿ ಕೋರ್ಟಿನಲ್ಲಿ. 105 ಜಾಮೀನುರಹಿತ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಬಂಧನಕ್ಕೆ ಮೊದಲು ನಿರೀಕ್ಷಣಾ ಜಾಮೀನು, ಆಮೇಲೆ ರೆಗ್ಯುಲರ್ ಬೇಲ್ ಎರಡಕ್ಕೂ ಸೆಷನ್ಸ್ ಅಥವಾ ಹೈಕೋರ್ಟ್ ಹತ್ತಿರ ಹೋಗಬಹುದು. ಬಂಧಿಸಿದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಕಸ್ಟಡಿಯಲ್ಲಿದ್ದು 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತೆ. ಕೇಳಬೇಕು, ತಾನಾಗಿ ಯಾರೂ ಬಿಡಲ್ಲ.

ಎಫ್‌ಐಆರ್‌ನಲ್ಲಿ ಬರೆದ ಸೆಕ್ಷನ್ ಕೊನೆ ಮಾತಲ್ಲ. ಗಾಯಾಳು ಆಸ್ಪತ್ರೆಯಲ್ಲಿ ಸತ್ತ ಮೇಲೆ ಪೊಲೀಸರು ಸೆಕ್ಷನ್ ಬದಲಿಸುತ್ತಾರೆ. ಚಾರ್ಜ್‌ಶೀಟ್‌ನಲ್ಲಿ 103 ಇದ್ದರೂ ಸಾಕ್ಷಿ ನೋಡಿ ಕೋರ್ಟ್ 105ಕ್ಕೆ ಇಳಿಸಬಹುದು.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಾಗಿ ನಡೆಯಲ್ಲ. ಆದರೆ ಆ ಮಾತಿನಿಂದ ಆಯುಧ ಸಿಕ್ಕರೆ ಅಷ್ಟು ಭಾಗ ನಡೆಯುತ್ತೆ. ಆತ್ಮರಕ್ಷಣೆ, ದಿಢೀರ್ ಜಗಳ ಅಂತ ಹೇಳುವವರು ಅದನ್ನು ತಾವೇ ತೋರಿಸಬೇಕು. ಪೊಲೀಸರಷ್ಟು ಗಟ್ಟಿಯಾಗಿ ಸಾಬೀತು ಮಾಡಬೇಕಿಲ್ಲ, 'ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು' ಅನ್ನಿಸಿದರೆ ಆಯ್ತು. ಆರೋಪಿಗೂ ಗಾಯ ಆಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಮಾಡಿಸುವುದು ಅದಕ್ಕೇ. ಅಂಗಡಿಯವರು ಒಂದು ಗಮನಿಸಬೇಕು: ಸಿಸಿಟಿವಿ ಡಿವಿಆರ್‌ನಲ್ಲಿ ಹಳೇ ರೆಕಾರ್ಡಿಂಗ್ ಮೇಲೆ ಹೊಸದು ಬೀಳುತ್ತಾ ಹೋಗುತ್ತೆ. ಯಾರ ಪರವಾಗಿದ್ದರೂ ಅದನ್ನು ಅಳಿಸಬಾರದು, ಬೇಕಂತ ಅಳಿಸಿದರೆ ಸಾಕ್ಷ್ಯನಾಶದ ಕೇಸ್ ಆಗುತ್ತೆ.

ಊರ ಪಂಚಾಯಿತಿಯಲ್ಲಿ ದುಡ್ಡು ಕೊಟ್ಟು 'ಮುಗಿಸಿದ್ವಿ' ಅಂದುಕೊಳ್ಳೋದು ಬಹಳ ಕಡೆ ನಡೆಯುತ್ತೆ. ಆದರೆ 103, 105, 106 ಮೂರೂ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಕೇಸ್ ನಡೆಸುವುದು ಸರ್ಕಾರ, ಮನೆಯವರು ವಾಪಸ್ ತಗೊಳ್ಳೋಕೆ ಬರಲ್ಲ. ಅಪಘಾತದಲ್ಲಿ ಮೋಟಾರು ವಾಹನ ಪರಿಹಾರದ ಅರ್ಜಿ ಬೇರೆಯೇ ದಾರಿಯಲ್ಲಿ ನಡೆಯುತ್ತೆ, ಅದು ಬಗೆಹರಿದರೂ ಚಾಲಕನ ಮೇಲಿನ ಕ್ರಿಮಿನಲ್ ಕೇಸ್ ಉಳಿಯುತ್ತೆ.

ವಕೀಲರಿಗೆ ದುಡ್ಡಿಲ್ಲ ಅನ್ನೋರು ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರು, ಎಸ್‌ಸಿ, ಎಸ್‌ಟಿಯವರು, ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.