ಅಟ್ಟದಿಂದ ಇಳಿದ ರೇಡಿಯೊ

1935ರಲ್ಲಿ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’; ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಆ ಕಾಲದಲ್ಲಿ ದನಿಯನ್ನು ಮನೆಯೊಳಗೆ ತಂದದ್ದು ವಾಲ್ವ್ ರೇಡಿಯೊ. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಮರದ ಪೆಟ್ಟಿಗೆಗಳು ಅಟ್ಟ ಸೇರಿದವು.

ಮೈಸೂರಿನಲ್ಲಾಗಲಿ, ಜಿಲ್ಲೆಯ ಮಿರ್ಲೆಯಂಥ ಊರಿನಲ್ಲಾಗಲಿ, ಅಜ್ಜನ ರೇಡಿಯೊ ಕೈಗೆ ಸಿಕ್ಕರೆ ಹಾಡುತ್ತದೆಯೇ ಎಂದು ಪ್ಲಗ್ ಹಾಕಿ ನೋಡುವ ಆಸೆ ಸಹಜ. ಅಪಾಯವಿರುವುದು ಅಲ್ಲಿಯೇ.

ವಾಲ್ವುಗಳು ಬಹುಕಾಲ ಬಾಳುತ್ತವೆ. ಸಾಮಾನ್ಯವಾಗಿ ಮೊದಲು ಕೆಡುವುದು ಹಳೆಯ ರಿಪೇರಿಯವರು ‘ಕಂಡೆನ್ಸರ್’ ಎನ್ನುತ್ತಿದ್ದ ಕೆಪಾಸಿಟರ್. ಲೋಹದ ತೆಳುಹಾಳೆಗಳ ನಡುವೆ ಕಾಗದವಿಟ್ಟು ಸುತ್ತಿ, ಮೇಣ ಬಳಿದು ಅದನ್ನು ಮಾಡುತ್ತಿದ್ದರು. ಕಾಗದಕ್ಕೆ ತೇವ ತಗುಲಿದರೆ, ತಡೆಯಬೇಕಾದ ಡಿ.ಸಿ. ವಿದ್ಯುತ್ ಸೋರುತ್ತದೆ. ಸೋರಿದ್ದು ಔಟ್‌ಪುಟ್ ವಾಲ್ವಿನ ಗ್ರಿಡ್ ಮುಟ್ಟಿದರೆ ವಾಲ್ವ್ ಮಿತಿಮೀರಿ ಕಾಯುತ್ತದೆ, ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಇನ್ನೊಂದು ಬಗೆಯದಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದರೆ ಸ್ಪೀಕರಿನಲ್ಲಿ ಬರೀ ಗುಂಯ್ ಸದ್ದು.

ಆದ್ದರಿಂದ ಬಲ್ಲವರು ಕರೆಂಟು ಕೊಡುವ ಮೊದಲೇ ಇವನ್ನು ಬದಲಿಸುತ್ತಾರೆ. ಹೊಸದರ ಮೌಲ್ಯ ಹಳೆಯದಕ್ಕೆ ಹೊಂದಬೇಕು; ವೋಲ್ಟೇಜ್ ಮಿತಿ ಅಷ್ಟೇ ಅಥವಾ ಹೆಚ್ಚಿರಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಅನುಭವವಿಲ್ಲದವರು ಕೈ ಹಾಕಬಾರದು.

ಬದಲಿಸಿದರೆ ಹಳತನ ಹೋಗುವುದಿಲ್ಲವೇ? ಅದಕ್ಕೂ ಉಪಾಯವಿದೆ. ಹಳೆಯ ಕೊಳವೆಯ ಒಳಗನ್ನು ಖಾಲಿ ಮಾಡಿ, ಹೊಸ ಪುಟ್ಟ ಕೆಪಾಸಿಟರನ್ನು ಅದರೊಳಗೇ ಅಡಗಿಸುತ್ತಾರೆ. ಹೊರನೋಟ ಅಜ್ಜನ ಕಾಲದ್ದೇ ಉಳಿಯುತ್ತದೆ. ಕೆಲವೇ ರೂಪಾಯಿಯ ಬಿಡಿಭಾಗ ಬದಲಾದರೆ, ಮತ್ತೆ ಸಿಗದ ವಾಲ್ವೂ ಟ್ರಾನ್ಸ್‌ಫಾರ್ಮರೂ ಉಳಿಯುತ್ತವೆ.